ಬಾಯಿಂದಲೋ, ಬುಡದಿಂದಲೋ: ಹಂಪಿ ಸೀಮೆಯ ಕೋವಿಗಳ ಪ್ರಶ್ನೆ

ಹಂಪಿ ನೋಡಲು ಬಂದವರು ಗೈಡುಗಳನ್ನು ಕೇಳುವ ಪ್ರಶ್ನೆ ಬಹುತೇಕ ಒಂದೇ. ಇಂಥ ರಾಜ್ಯ ಒಂದೇ ಯುದ್ಧದಲ್ಲಿ ಹೇಗೆ ಮಣ್ಣುಗೂಡಿತು? ಉತ್ತರವೂ ಸಿದ್ಧವಿರುತ್ತದೆ: ಸುಲ್ತಾನರ ಹತ್ತಿರ ತೋಪುಗಳಿದ್ದವು, ನಮ್ಮವರು ಆನೆ ಕುದುರೆಗಳನ್ನೇ ನೆಚ್ಚಿ ಕೂತಿದ್ದರು. ಪಾಠದ ಪುಸ್ತಕದಿಂದ ಊರ ಕಟ್ಟೆಯವರೆಗೆ ಇದೇ ಮಾತು. ಆದರೆ 1565ರ ಆ ಸೋಲಿಗೆ ನಲವತ್ತೈದು ವರ್ಷ ಮೊದಲು ರಾಯಚೂರಿನಲ್ಲಿ ತೋಪುಗಳ ರಾಶಿಯನ್ನೇ ಇಟ್ಟುಕೊಂಡಿದ್ದವನು ಸೋತ, ಆನೆ ಕುದುರೆ ನೆಚ್ಚಿದವನು ಗೆದ್ದ. ಎರಡನ್ನೂ ಒಟ್ಟಿಗೆ ಇಟ್ಟು ನೋಡಿದರೆ ತೋಪಿನ ತಲೆಯೆಣಿಕೆ ಕೈಕೊಡುತ್ತದೆ.

ಎಣಿಸಬೇಕಾದ್ದು ಬೇರೆ ಎಂದು ನನಗೆ ಅನಿಸುತ್ತದೆ. ಒಮ್ಮೆ ಹಾರಿಸಿದ ಕೋವಿಯನ್ನು ಮತ್ತೆ ತುಂಬಲು ಎಷ್ಟು ಹೊತ್ತು ಹಿಡಿಯುತ್ತದೆ? ಗುಂಡು ಯಾವ ತುದಿಯಿಂದ ಒಳಗೆ ಹೋಗುತ್ತದೆ? ಹೋದ ಮೇಲೆ ನಳಿಗೆಗೆ ಎಷ್ಟು ಬಿಗಿಯಾಗಿ ಕೂರುತ್ತದೆ? ಈ ಪ್ರಶ್ನೆಗಳನ್ನು ಹಿಡಿದು ಹೊರಟರೆ ದಾರಿ ರಾಯಚೂರು, ರಕ್ಕಸಗಿ ತಂಗಡಗಿಗಳನ್ನು ಹಾದು, 1857ರ ಹಲಗಲಿಯನ್ನು ಮುಟ್ಟಿ, ಅಮೆರಿಕದ ಒಂಟಿ ಗುಂಡಿನ ಗುರಿ ರೈಫಲ್ಲುಗಳವರೆಗೆ ಹೋಗಿ, ಕೊನೆಗೆ ನಮ್ಮ ಜಾತ್ರೆಯ ಬಲೂನಿನ ಅಂಗಡಿಗೇ ಮರಳುತ್ತದೆ.

ಮೊದಲು ಯಂತ್ರದ ಮಾತು. ಕೋವಿ ಎಂದರೆ ಒಂದು ತುದಿ ಮುಚ್ಚಿದ ಕೊಳವೆ. ಮದ್ದು ಉರಿದಾಗ ಹುಟ್ಟುವ ಅನಿಲ ಗುಂಡನ್ನು ಮುಂದಕ್ಕೆ ನೂಕುತ್ತದೆ. ಗುಂಡಿನ ಸುತ್ತ ಸಂದು ಉಳಿದಿದ್ದರೆ ಅನಿಲ ಅಲ್ಲಿಂದ ನುಸುಳುತ್ತದೆ, ಬಲ ಸೋರುತ್ತದೆ, ಗುಂಡು ನಳಿಗೆಯ ಒಳಮೈಗೆ ಅಲ್ಲಲ್ಲಿ ಬಡಿದುಕೊಳ್ಳುತ್ತ ಹೊರಬಿದ್ದು ಮನಸ್ಸು ಬಂದತ್ತ ಹೋಗುತ್ತದೆ. ಸಂದೇ ಇಲ್ಲದಂತೆ ಬಿಗಿ ಗುಂಡು ಹಾಕೋಣವೆಂದರೆ ಅದನ್ನು ಬಾಯಿಂದ ಬುಡದವರೆಗೂ ಗಜದಿಂದ ಜಡಿದು ಇಳಿಸಬೇಕು. ನಾಲ್ಕಾರು ಈಡು ಹಾರಿಸಿದ ಮೇಲೆ ಕರಿಮದ್ದಿನ ಕಿಟ್ಟ ಒಳಗೆ ಕಟ್ಟಿಕೊಂಡು ಆ ಕೆಲಸ ಇನ್ನೂ ಕಷ್ಟವಾಗುತ್ತದೆ. ಎದುರಿಗೆ ಶತ್ರು ಓಡಿ ಬರುತ್ತಿರುವಾಗ ಇದಕ್ಕೆಲ್ಲ ಯಾರಿಗೆ ಪುರಸೊತ್ತು? ಹಾಗಾಗಿ ಸಿಪಾಯಿ ಸಡಿಲ ಗುಂಡನ್ನೇ ಹಾಕಿದ, ಬೇಟೆಗಾರ ಸಂದು ಮುಚ್ಚಲು ಬಟ್ಟೆಯ ಚೂರನ್ನೋ ನಾರನ್ನೋ ತುರುಕಿದ. ಮಲೆನಾಡಿನ ಕೇಪಿನ ಕೋವಿಯವರು ಮದ್ದಿನ ಮೇಲೆ ತೆಂಗಿನ ನಾರು ಹಾಕಿ ಗಜದಿಂದ ಜಡಿಯುವುದೂ ಇದಕ್ಕೇ.

ಗುಂಡಿಗೆ ಸೀಸವೇ ಯಾಕೆ ಬೇಕಾಯಿತು ಎನ್ನುವುದಕ್ಕೂ ಉತ್ತರ ಇಲ್ಲೇ ಇದೆ. ಸೀಸ 327 ಡಿಗ್ರಿಗೆ ಕರಗುತ್ತದೆ. ಮನೆಯ ಒಲೆ, ಒಂದು ಕಬ್ಬಿಣದ ಸೌಟು, ಒಂದು ಅಚ್ಚು ಇದ್ದರೆ ಗುಂಡು ಸಿದ್ಧ. ನೀರಿಗಿಂತ 11 ಪಟ್ಟಿಗೂ ಹೆಚ್ಚು ತೂಕ, ಹಾಗಾಗಿ ಚಿಕ್ಕ ಗುಂಡೂ ದೂರದವರೆಗೆ ವೇಗ ಉಳಿಸಿಕೊಳ್ಳುತ್ತದೆ. ಎಲ್ಲಕ್ಕಿಂತ ಮುಖ್ಯವಾಗಿ ಅದು ಮೆತ್ತಗಿದೆ, ಒತ್ತಿದರೆ ನಳಿಗೆಯ ಆಕಾರಕ್ಕೆ ಒಗ್ಗಿಕೊಳ್ಳುತ್ತದೆ, ಆದರೆ ನಳಿಗೆಯನ್ನು ಕೆರೆಯುವುದಿಲ್ಲ. ಕಲ್ಲಿನ ಗುಂಡು, ಕಬ್ಬಿಣದ ಗುಂಡು ಈ ಗುಣ ಕಾಣವು. ಸಂಡೂರಿನ ಗುಡ್ಡಗಳು ಕಬ್ಬಿಣ ಕೊಟ್ಟವು, ಮ್ಯಾಂಗನೀಸ್ ಕೊಟ್ಟವು. ಸೀಸ ಮಾತ್ರ ಈ ಸೀಮೆಗೆ ಹೊರಗಿನಿಂದಲೇ ಬರಬೇಕಾಗಿತ್ತು.

ಈಗ ರಾಯಚೂರಿಗೆ ಬರೋಣ. 1520ರ ಮೇ 19ರಂದು ಕೃಷ್ಣದೇವರಾಯನಿಗೂ ಬಿಜಾಪುರದ ಇಸ್ಮಾಯಿಲ್ ಆದಿಲ್ ಶಾಹನಿಗೂ ನಡೆದ ಕದನವನ್ನು ವಿವರವಾಗಿ ಬರೆದಿಟ್ಟವನು ಪೋರ್ಚುಗೀಸ್ ಕುದುರೆ ವ್ಯಾಪಾರಿ ಫೆರ್ನಾವ್ ನೂನಿಜ್. ಅವನ ಬರಹವನ್ನು ಪ್ರವಾಸಿ ಡೊಮಿಂಗೊ ಪಾಯೆಸ್‌ನ ಬರಹದ ಜೊತೆ ರಾಬರ್ಟ್ ಸೀವೆಲ್ 1900ರಲ್ಲಿ ಇಂಗ್ಲಿಷಿಗೆ ತಂದು ಪ್ರಕಟಿಸಿದ ಮೇಲೆ ವಿಜಯನಗರದ ಬಗ್ಗೆ ಬರೆದ ಯಾರೂ ಅದನ್ನು ದಾಟಿ ಹೋಗಲಾಗಿಲ್ಲ. ನೂನಿಜ್‌ನ ಪ್ರಕಾರ ಆದಿಲ್ ಶಾಹ ಕೃಷ್ಣಾ ನದಿ ದಾಟಿ ಬಂದು, ತನ್ನ ಫಿರಂಗಿಗಳ ಬಲದ ಮೇಲೆ ಭರವಸೆ ಇಟ್ಟು ಕಾದಿದ್ದ. ರಾಯನ ಮುಂಚೂಣಿ ನುಗ್ಗಿದಾಗ ಅವೆಲ್ಲ ಒಟ್ಟಿಗೇ ಗುಡುಗಿದವು. ನಷ್ಟ ಭಾರಿಯಾಯಿತು, ಮುಂಚೂಣಿ ಹಿಮ್ಮೆಟ್ಟಿತು. ರಾಯ ಕುದುರೆ ಏರಿ ಹಿಂದಿನ ದಳವನ್ನು ಸ್ವತಃ ಮುಂದೆ ತಂದ. ಬಿಜಾಪುರದವರಿಗೆ ಎರಡನೆಯ ಸಲ ತುಂಬುವ ಅವಕಾಶವೇ ಸಿಗಲಿಲ್ಲ. ಅವರನ್ನು ನದಿಯವರೆಗೆ ಅಟ್ಟಿಕೊಂಡು ಹೋದರು. ಗೆದ್ದವರ ಕೈಗೆ 400 ದೊಡ್ಡ ಫಿರಂಗಿಗಳೂ 900 ಗಾಡಿಗಳೂ ಸಿಕ್ಕವು ಎಂದು ನೂನಿಜ್ ಬರೆಯುತ್ತಾನೆ. ಅಂಕಿಗಳಲ್ಲಿ ಉತ್ಪ್ರೇಕ್ಷೆ ಇದ್ದರೂ ಇರಲಿ. ನಾಲ್ಕುನೂರು ತೋಪು ಒಂದೇ ಸಲ ಹಾರಿದರೆ ಅದು ಒಂದೇ ಈಡು, ಮತ್ತೆ ಅವು ಬರೀ ಲೋಹ.

ದಖನ್ನಿನ ಇತಿಹಾಸಕಾರ ರಿಚರ್ಡ್ ಈಟನ್ 2009ರ ಒಂದು ದೀರ್ಘ ಲೇಖನದಲ್ಲಿ ಈ ಕದನವನ್ನೇ ಎತ್ತಿಕೊಂಡು ಮದ್ದುಗುಂಡಿನ ಚರಿತ್ರೆಯ ದೃಷ್ಟಿಯಿಂದ ಪರಿಶೀಲಿಸಿದರು. ಬಯಲಿನಲ್ಲಿ ಫಿರಂಗಿ ಸೋತಿತು, ಕೋಟೆಯ ಮುತ್ತಿಗೆಯಲ್ಲಿ ಸಣ್ಣ ಕೋವಿ ಗೆದ್ದಿತು ಎನ್ನುವ ವೈರುಧ್ಯವೇ ಅಲ್ಲಿ ಮುಖ್ಯ. ಆ ಮುತ್ತಿಗೆಯ ವಿವರ ಸ್ವಾರಸ್ಯವಾದದ್ದು. ಕೋಟೆಯೊಳಗೆ 200 ದೊಡ್ಡ ಫಿರಂಗಿಗಳಿದ್ದವಂತೆ. ರಾಯನ ಕಡೆಯವರು ಗೋಡೆಯನ್ನು ಒಡೆಯುತ್ತಿದ್ದದ್ದು ಹಾರೆ ಗುದ್ದಲಿಗಳಿಂದ. ಕಿತ್ತು ತಂದ ಒಂದೊಂದು ಕಲ್ಲಿಗೂ ನಾಯಕರು ಆಳುಗಳಿಗೆ ಹಣ ಕೊಡುತ್ತಿದ್ದರು, ಅಪಾಯ ನೋಡಿಕೊಂಡು ಹತ್ತರಿಂದ ಐವತ್ತು ಪಣದವರೆಗೆ. ಮೇಲಿನಿಂದ ಬಾಣ, ಕಲ್ಲು, ಗುಂಡುಗಳ ಮಳೆ. ತಿಂಗಳುಗಟ್ಟಲೆ ಹೀಗೇ ನಡೆದಿತ್ತು. ಅಷ್ಟರಲ್ಲಿ ಕುದುರೆ ಮಾರಲು ಬಂದಿದ್ದ ಕ್ರಿಸ್ಟೊವಾವ್ ದೆ ಫಿಗೇರೆದೊ ಇಪ್ಪತ್ತು ಮಂದಿ ಕೋವಿಯವರನ್ನು ಕರೆದುಕೊಂಡು ಕಂದಕದ ಅಂಚಿಗೆ ಹೋದ. ಗೋಡೆಯ ಮೇಲೆ ತಲೆ ಎತ್ತಿದವರನ್ನು ಒಬ್ಬೊಬ್ಬರನ್ನಾಗಿ ಹೊಡೆದರು. ರಕ್ಷಕರು ತಲೆ ತಗ್ಗಿಸಿದ್ದೇ ತಡ, ಕೆಳಗಿನವರು ನಿರಾತಂಕವಾಗಿ ಗೋಡೆ ಕಿತ್ತರು. ಏನಾಗುತ್ತಿದೆ ಎಂದು ನೋಡಲು ಬಗ್ಗಿದ ಕೋಟೆಯ ಅಧಿಕಾರಿಯ ಹಣೆಗೆ ಗುಂಡು ಬಿತ್ತು. ಮರುದಿನ ಕೋಟೆ ಶರಣಾಯಿತು.

ಇಪ್ಪತ್ತು ಕೋವಿ ಇನ್ನೂರು ಫಿರಂಗಿಗಳನ್ನು ಮೀರಿಸಿದ್ದು ಹೇಗೆ? ಬತ್ತಿಯಿಂದ ಹೊತ್ತಿಸುವ ಆ ಕೋವಿಯನ್ನು ತುಂಬಲು ನುರಿತವನಿಗೂ ನಿಮಿಷದ ಹತ್ತಿರ ಬೇಕು. ಆದರೆ ಇಪ್ಪತ್ತು ಜನ ಸರದಿಯ ಮೇಲೆ ಹಾರಿಸಿದರೆ ಗೋಡೆಯ ಮೇಲಿನವನಿಗೆ ಬಿಡುವಿರುವುದಿಲ್ಲ. ದೊಡ್ಡ ಫಿರಂಗಿಯ ಬಾಯನ್ನು ಕೆಳಕ್ಕೆ ಬಾಗಿಸಿ ಕಂದಕದ ಅಂಚಿನವನಿಗೆ ಗುರಿಯಿಡುವುದು ಆಗದ ಕೆಲಸ. ಎರಡನೆಯದಾಗಿ, ಈ ಕೋವಿಗೆ ನಳಿಗೆಯ ಅಳತೆಗೆ ಹತ್ತಿರದ ಅಚ್ಚಿನಲ್ಲಿ ಎರೆದ ಸೀಸದ ಗುಂಡು ಇತ್ತು. ಫಿರಂಗಿಗೆ ಕಲ್ಲು ಕುಟಿಗ ಕಡಿದ ಕಲ್ಲುಗುಂಡು ಬಿದ್ದರೆ ಬೆರಳಗಲದ ಸಂದು ಮಾಮೂಲು.

ಗೋವೆಯ ಕಮ್ಮಟಗಳ ಮಾತೂ ಇಲ್ಲಿ ಬರಬೇಕು. 1510ರಲ್ಲಿ ಗೋವೆಯನ್ನು ಹಿಡಿದ ಆಲ್ಬುಕರ್ಕ್ 1513ರಲ್ಲಿ ತನ್ನ ದೊರೆಗೆ ಬರೆದ ಪತ್ರದಲ್ಲಿ ಅಲ್ಲಿನ ಕೋವಿ ಕುಶಲಿಗರು ಬೊಹೀಮಿಯದವರಿಗೆ ಸರಿಸಮ ಎಂದು ಹೊಗಳಿದ್ದ. ಆ ಕುಶಲಿಗರು ಮೊದಲು ಯಾರ ಊಳಿಗದಲ್ಲಿದ್ದರು? ಬಿಜಾಪುರದವರ ಊಳಿಗದಲ್ಲಿ. ಗೋವೆಯ ಮಾದರಿಯ ಬತ್ತಿಕೋವಿ ಮಲಾಕ್ಕಾದ ದಾರಿಯಲ್ಲಿ ಪೂರ್ವಕ್ಕೆ ಹೋಗಿ 1543ರಲ್ಲಿ ಜಪಾನಿನ ತನೆಗಾಶಿಮಾ ದ್ವೀಪವನ್ನು ಮುಟ್ಟಿತು, ಅಲ್ಲಿ ಮೂರು ದಶಕಗಳಲ್ಲಿ ಯುದ್ಧದ ರೀತಿಯನ್ನೇ ಬದಲಿಸಿತು. ಅದೇ ಕೋವಿ ಹಂಪಿಗೂ ಬಂದಿತ್ತು. ಮಹಾನವಮಿಯ ಹೊತ್ತಿಗೆ ರಾಯ ಸೈನ್ಯದ ಪರಿವೀಕ್ಷಣೆ ನಡೆಸಿದಾಗ ದಪ್ಪ ಅಂಗಿ ತೊಟ್ಟ ಕೋವಿಗಾರರ ಸಾಲನ್ನು ಕಂಡ ಪಾಯೆಸ್, ಈ ಆಯುಧಗಳನ್ನು ಇಷ್ಟು ಚೆನ್ನಾಗಿ ಬಳಸಬಲ್ಲವರು ಇಲ್ಲಿದ್ದಾರಲ್ಲ ಎಂದು ಬೆರಗಾಗಿದ್ದ. ಹೀಗಿರುವಾಗ ವಿಜಯನಗರಕ್ಕೆ ಕೋವಿ ಗೊತ್ತಿರಲಿಲ್ಲ ಎನ್ನುವ ಮಾತಿಗೆ ತಳವಿಲ್ಲ.

ಬುಡದಿಂದ ತುಂಬುವ ಉಪಾಯವೂ ಆಗಲೇ ಇತ್ತು. ಪೋರ್ಚುಗೀಸ್ ಹಡಗುಗಳ ಅಂಚಿಗೆ ತಿರುಗಣೆಯ ಮೇಲೆ ಕೂರಿಸಿದ ಸಣ್ಣ ಫಿರಂಗಿಗಳಿರುತ್ತಿದ್ದವು. ಅವುಗಳ ಹಿಂಭಾಗ ತೆರೆದ ತೊಟ್ಟಿಯಂತಿರುತ್ತಿತ್ತು. ಮದ್ದನ್ನು ಹಿಡಿಯುಳ್ಳ ಕಬ್ಬಿಣದ ಕುಡಿಕೆಯಲ್ಲಿ ಮೊದಲೇ ತುಂಬಿ, ಗುಂಡನ್ನು ನಳಿಗೆಯ ಬುಡದಲ್ಲಿಟ್ಟು, ಅದರ ಹಿಂದೆ ಕುಡಿಕೆ ಕೂರಿಸಿ ಬೆಣೆ ಜಡಿದರೆ ಕೆಲಸ ಮುಗಿಯಿತು. ಒಂದು ಫಿರಂಗಿಗೆ ಎರಡು ಮೂರು ಕುಡಿಕೆ ಇಟ್ಟುಕೊಂಡರೆ ಬೇಗ ಬೇಗ ಹಾರಿಸಬಹುದು. ತೊಂದರೆ ಎಂದರೆ ಕುಡಿಕೆಗೂ ನಳಿಗೆಗೂ ಮಧ್ಯೆ ಉಳಿಯುವ ಸಂದು. ಹಾರಿಸಿದಾಗೆಲ್ಲ ಬೆಂಕಿ ಹಿಂದಕ್ಕೂ ಚಿಮ್ಮುತ್ತಿತ್ತು, ಬಲ ಅರ್ಧಂಬರ್ಧ. ವೇಗ ಬೇಕೆಂದವರು ಬಿಗಿ ಬಿಟ್ಟರು, ಬಿಗಿ ಬೇಕೆಂದವರು ವೇಗ ಬಿಟ್ಟರು. ಮುಂದಿನ ಮುನ್ನೂರು ವರ್ಷ ಕೋವಿಯ ಚರಿತ್ರೆ ಈ ಇಕ್ಕಟ್ಟಿನಲ್ಲೇ ಸಿಕ್ಕಿಕೊಂಡಿತ್ತು.

1565ರ ಜನವರಿಗೆ ಬಂದರೆ ಚಿತ್ರ ತಿರುವುಮುರುವು. ರಕ್ಕಸಗಿ ತಂಗಡಗಿಯ ಯುದ್ಧವನ್ನು ನಲವತ್ತು ವರ್ಷಗಳ ಬಳಿಕ ಬಿಜಾಪುರದಲ್ಲಿ ಕುಳಿತು ಬರೆದ ಇತಿಹಾಸಕಾರ ಫೆರಿಷ್ತಾ ಅಹಮದ್‌ನಗರದ ತೋಪುಖಾನೆಯ ಮುಖ್ಯಸ್ಥ ರೂಮಿ ಖಾನನ ವ್ಯವಸ್ಥೆಯನ್ನು ಬಣ್ಣಿಸಿದ್ದಾನೆ. 600 ಫಿರಂಗಿಗಳು ಮೂರು ಸಾಲಿನಲ್ಲಿ: ಮುಂದೆ ಭಾರಿ ತೋಪು, ನಡುವೆ ಸಣ್ಣವು, ಹಿಂದೆ ತಿರುಗಣೆಯ ಕೋವಿಗಳು. ಅವನ್ನು ಮರೆಮಾಡಲು ಮುಂದೆ ಎರಡು ಸಾವಿರ ಬಿಲ್ಲಾಳುಗಳು. ವಿಜಯನಗರದ ರಾಮರಾಯನ ಸೈನ್ಯ ಹತ್ತಿರ ಬಂದಾಗ ಬಿಲ್ಲಾಳುಗಳು ಸರಿದರು, ತೋಪುಗಳು ಹಾರಿದವು. ಎರಡನೆಯ ಸಲ ಸೈನ್ಯ ಇನ್ನೂ ಹತ್ತಿರ ಬಂದಾಗ ರೂಮಿ ಖಾನ ತೋಪಿಗೆ ತುಂಬಿಸಿದ್ದು ತಾಮ್ರದ ಕಾಸಿನ ಚೀಲಗಳನ್ನು. ತೋಪಿನ ಬಾಯಿಯ ಮುಂದೆಯೇ 5,000 ಮಂದಿ ಬಿದ್ದರೆಂದು ಫೆರಿಷ್ತಾ ಹೇಳುತ್ತಾನೆ.

ಕಾಸಿನ ಚೀಲದ ಕಥೆಯನ್ನು ಎಲ್ಲರೂ ಹೇಳುತ್ತಾರೆ, ಸಾಮಾನ್ಯವಾಗಿ ಶ್ರೀಮಂತಿಕೆಯ ವಿಡಂಬನೆಯಾಗಿ. ನನಗೆ ಕಾಣುವುದು ತುಂಬುವವನ ಜಾಣ್ಮೆ. ಕಾಸಿನ ಚೀಲಕ್ಕೆ ಅಳತೆ ಬೇಕಿಲ್ಲ, ಬಿಗಿ ಬೇಕಿಲ್ಲ, ಗುರಿಯೂ ಬೇಕಿಲ್ಲ. ಹೊರಬಿದ್ದ ತಕ್ಷಣ ಹರಡಿಕೊಳ್ಳುವುದೇ ಅದರ ಕೆಲಸ. ಮೂರು ಸಾಲು ಮಾಡಿದ್ದರ ಮರ್ಮವೂ ಅದೇ: ಒಂದು ಸಾಲು ಹಾರಿಸಿ ತುಂಬುವಾಗ ಇನ್ನೊಂದು ಮಾತಾಡಬೇಕು. ರಾಯಚೂರಿನಲ್ಲಿ ಇಸ್ಮಾಯಿಲ್‌ಗೆ ಹೊಳೆಯದಿದ್ದದ್ದು ಇಲ್ಲಿ ರೂಮಿ ಖಾನನಿಗೆ ಹೊಳೆದಿತ್ತು. ಇದೇ ತೋಪುಖಾನೆಯ ಪರಂಪರೆಯ ಕುರುಹು ಇಂದಿಗೂ ವಿಜಯಪುರದ ಷೇರ್ಜಾ ಬುರುಜಿನ ಮೇಲಿದೆ. 1549ರಲ್ಲಿ ಅಹಮದ್‌ನಗರದಲ್ಲಿ ಎರಕ ಹೊಯ್ದ ಮಲಿಕ್-ಎ-ಮೈದಾನ್, ತೂಕ ಸುಮಾರು 55 ಟನ್, ಬಾಯಿಯ ಅಗಲ 70 ಸೆಂಟಿಮೀಟರ್. ದಿನಕ್ಕೆ ಎಷ್ಟು ಸಲ ಹಾರಿಸಲಾಗುತ್ತಿತ್ತು ಎಂದು ನೋಡಿದರೆ ಅದು ಆಯುಧವಾಗಿದ್ದಷ್ಟೇ ಬೆದರಿಕೆಯೂ ಆಗಿತ್ತು ಅನ್ನಬೇಕು.

ವಿದ್ವಾಂಸರು ಇಲ್ಲಿ ಒಮ್ಮತದಲ್ಲಿಲ್ಲ. ಬರ್ಟನ್ ಸ್ಟೈನ್ 1989ರ ತಮ್ಮ ಪುಸ್ತಕದಲ್ಲಿ ಕೃಷ್ಣದೇವರಾಯ ವಿದೇಶಿ ಗೋಲಂದಾಜರನ್ನೂ ಕೋಟೆಗಳ ಹೊಸ ಆಡಳಿತವನ್ನೂ ಸೇರಿಸಿ ಸೈನ್ಯವನ್ನು ನವೀಕರಿಸಿದ ಎಂದು ವಾದಿಸಿದರು. ಈಟನ್ ಮತ್ತು ಫಿಲಿಪ್ ವ್ಯಾಗನರ್ 2014ರ ಪುಸ್ತಕದಲ್ಲಿ ಬೇರೆಯದೇ ಹೇಳುತ್ತಾರೆ: ರಾಯಚೂರಿನ ಗೆಲುವೇ ವಿಜಯನಗರವನ್ನು ಮೈಮರೆಸಿತು, ಸೋತ ಬಿಜಾಪುರ ಪಾಠ ಕಲಿತು ಬುರುಜುಗಳನ್ನು ದುಂಡಗೆ ಕಟ್ಟಿ ಮೇಲೆ ತಿರುಗುವ ತೋಪು ಕೂರಿಸಿತು. ಇಕ್ತಿದಾರ್ ಆಲಂ ಖಾನ್ 2004ರಲ್ಲಿ ಮಧ್ಯಯುಗದ ಭಾರತದ ಮದ್ದುಗುಂಡಿನ ಇಡೀ ಕಥೆಯನ್ನು ಒಟ್ಟು ಹಾಕಿದರು. 1360ರ ದಶಕದಲ್ಲೇ ವಿಜಯನಗರದವರಿಂದ ಬಹಮನಿಗಳು ತೋಪಿನ ಗಾಡಿಗಳನ್ನು ಕಿತ್ತುಕೊಂಡರೆಂಬ ಫೆರಿಷ್ತಾನ ಮಾತನ್ನು ಈಗ ಬಹಳ ಮಂದಿ ನಂಬುವುದಿಲ್ಲ.

ಕಲ್ಲುಗಳ ಸಾಕ್ಷಿ ಈಟನ್ ಕಡೆಗೇ ಹೆಚ್ಚು ವಾಲುತ್ತದೆ. ಹಂಪಿಯ ಕೋಟೆಗೋಡೆಗಳ ಚೌಕ ಬುರುಜುಗಳನ್ನು, ಬಳಸಿ ಹೋಗುವ ಬಾಗಿಲುಗಳನ್ನು ನೋಡಿದವರಿಗೆ ಅವು ಆನೆಗೂ ಕುದುರೆಗೂ ಕಟ್ಟಿದವೆಂದು ತಿಳಿಯುತ್ತದೆ. 1443ರಲ್ಲಿ ಬಂದ ಪರ್ಷಿಯನ್ ರಾಯಭಾರಿ ಅಬ್ದುರ್ ರಜಾಕ್ ಹೊರಗೋಡೆಯಾಚೆ ಐವತ್ತು ಗಜ ಅಗಲಕ್ಕೆ ಆಳೆತ್ತರದ ಕಲ್ಲುಗಳನ್ನು ಅರ್ಧ ಹೂತು ನಿಲ್ಲಿಸಿದ್ದನ್ನು ಕಂಡಿದ್ದ, ಕುದುರೆ ಓಡದಂತೆ. ತೋಪಿನ ಗುಂಡಿಗೆ ಆ ಕಲ್ಲುಗಳು ಯಾವ ಲೆಕ್ಕ? ವಿಜಯಪುರಕ್ಕೂ ರಾಯಚೂರಿಗೂ ಹೋಗಿ ಬುರುಜು ಹತ್ತಿ ಬಂದವರು ಒಮ್ಮೆ ಹಂಪಿಯ ಗೋಡೆಯ ಮೇಲೆ ನಡೆದರೆ ವ್ಯತ್ಯಾಸ ಕಾಲಿಗೇ ಗೊತ್ತಾಗುತ್ತದೆ.

1547ರಲ್ಲಿ ಸದಾಶಿವರಾಯನ ಹೆಸರಿನಲ್ಲಿ ರಾಮರಾಯ ಪೋರ್ಚುಗೀಸ್ ಗವರ್ನರ್ ಜೊವಾವ್ ದೆ ಕಾಸ್ತ್ರೊ ಜೊತೆ ಮಾಡಿಕೊಂಡ ಒಪ್ಪಂದವನ್ನೂ ಇದರ ಪಕ್ಕಕ್ಕಿಡಬೇಕು. ಗೋವೆಗೆ ಬರುವ ಕುದುರೆಗಳು ವಿಜಯನಗರಕ್ಕೆ ಮಾತ್ರ, ಬಿಜಾಪುರಕ್ಕಿಲ್ಲ. ಪ್ರತಿಯಾಗಿ ಪೆಟ್ಲುಪ್ಪು, ಕಬ್ಬಿಣಗಳು ಅಂಕೋಲ ಹೊನ್ನಾವರದ ಕಡೆಯ ಬಂದರುಗಳಲ್ಲಿ ಪೋರ್ಚುಗೀಸರಿಗೆ ಸಿಗಬೇಕು. ಮದ್ದಿನಲ್ಲಿ ಗಂಧಕ, ಇದ್ದಿಲುಗಳಿಗಿಂತ ಹೆಚ್ಚಿನ ಪಾಲು ಪೆಟ್ಲುಪ್ಪಿನದು. ಅದನ್ನು ಕೊಟ್ಟು ಕುದುರೆ ಕೊಂಡ ರಾಜ್ಯ ಯಾವುದನ್ನು ಆಯುಧವೆಂದು ನಂಬಿತ್ತು ಎಂದು ಕೇಳಬೇಕಾಗಿಲ್ಲ. ಕಬ್ಬಿಣದ ಕಸುಬಿಗೂ ಇಲ್ಲಿ ಬರವಿರಲಿಲ್ಲ. ಜಂಬುನಾಥ ಬೆಟ್ಟದ, ಸಂಡೂರಿನ ಅದಿರು ಕೈಗೆಟಕುವಷ್ಟು ಹತ್ತಿರ. ಇಪ್ಪತ್ತನೆಯ ಶತಮಾನದ ಆರಂಭದಲ್ಲೂ ಕಮಲಾಪುರದ ಕಮ್ಮಾರರು ಕಬ್ಬಿನ ಹಾಲು ಕಾಯಿಸುವ ದೊಡ್ಡ ಕಬ್ಬಿಣದ ಕೊಪ್ಪರಿಗೆಗಳಿಗೆ ಹೆಸರಾಗಿದ್ದರು. ಕಂಪ್ಲಿಯ ಆಲೆಮನೆಗೆ ಕೊಪ್ಪರಿಗೆ ಬಡಿದವರ ಅಜ್ಜಂದಿರಿಗೆ ನಳಿಗೆ ಬಡಿಯುವುದು ಅಸಾಧ್ಯವಾಗಿತ್ತೇ?

ಹದಿನೇಳು, ಹದಿನೆಂಟನೆಯ ಶತಮಾನಗಳನ್ನು ಬೇಗ ದಾಟಬಹುದು. ಬತ್ತಿ ಹೋಗಿ ಚಕಮಕಿ ಬಂತು, ಹೈದರ್ ಟಿಪ್ಪುಗಳ ಕಮ್ಮಟಗಳು ಫ್ರೆಂಚ್ ಮಾದರಿಯಲ್ಲಿ ಒಳ್ಳೆಯ ಕೋವಿ ಮಾಡಿದವು, ಆದರೆ ಗುಂಡು ಇನ್ನೂ ಬಾಯಿಂದಲೇ ಇಳಿಯುತ್ತಿತ್ತು, ಇನ್ನೂ ಸಡಿಲವೇ. ನಳಿಗೆಯ ಒಳಗೆ ತಿರುಪು ಗೆರೆ ಕೊರೆದರೆ ಗುಂಡು ಬುಗುರಿಯಂತೆ ತಿರುಗುತ್ತ ನೇರ ಹೋಗುತ್ತದೆಂದು ಯುರೋಪಿಗೆ ಬಹಳ ಹಿಂದೆಯೇ ಗೊತ್ತಿತ್ತು. ಆ ಗೆರೆಗಳನ್ನು ಗುಂಡು ಕಚ್ಚಿಕೊಳ್ಳಬೇಕಾದರೆ ಬಿಗಿ ಇರಲೇಬೇಕು. ಮತ್ತೆ ಅದೇ ಇಕ್ಕಟ್ಟು.

1853ರ ಎನ್‌ಫೀಲ್ಡ್ ರೈಫಲ್ಲು ಇದಕ್ಕೊಂದು ಉಪಾಯ ಹುಡುಕಿತು. 14.66 ಮಿಲಿಮೀಟರ್ ನಳಿಗೆಗೆ ತುಸು ಸಣ್ಣ ಸೀಸದ ಗುಂಡು ಸಲೀಸಾಗಿ ಇಳಿಯುತ್ತದೆ, ಹಾರಿಸಿದಾಗ ಅನಿಲದ ಒತ್ತಡಕ್ಕೆ ಅದರ ಬುಡ ಅರಳಿ ಗೆರೆಗಳನ್ನು ಕಚ್ಚುತ್ತದೆ. ಕಾಗದ ಸುತ್ತಿದ ಗುಂಡು ಜಾರಿ ಇಳಿಯಲೆಂದು ಜಿಡ್ಡು ಸವರುತ್ತಿದ್ದರು. 1857ರಲ್ಲಿ ಸಿಪಾಯಿಗಳು ಹಲ್ಲಿನಿಂದ ಕಚ್ಚಲೊಲ್ಲದ ತೋಟಾ ಇದೇ. ದನದ್ದೋ ಹಂದಿಯದೋ ಎಂದು ಇಡೀ ದೇಶ ಕುದಿದ ಆ ಕೊಬ್ಬು, ಬಾಯಿಂದ ತುಂಬುವ ಕೋವಿಗೆ ಬಿಗಿ ತರುವ ಪ್ರಯತ್ನದ ಅಡ್ಡಪರಿಣಾಮ. ಗುಂಡು ಬುಡದಿಂದ ಹೋಗುವಂತಿದ್ದರೆ ಕಾಗದ ಕಚ್ಚುವ ಪ್ರಶ್ನೆಯೇ ಏಳುತ್ತಿರಲಿಲ್ಲ.

ನಮ್ಮ ಕಡೆ ಆ ವರ್ಷದ ಬೆಂಕಿ ಬೇರೆ ಕಡೆಯಿಂದ ಹೊತ್ತಿತು. ಆಯುಧಗಳಿಗೆ ಪರವಾನಗಿ ಪಡೆಯಬೇಕು, ಇಲ್ಲವೇ ಒಪ್ಪಿಸಬೇಕೆಂಬ ನಿಶ್ಶಸ್ತ್ರೀಕರಣ ಕಾಯಿದೆಗೆ ಮುಧೋಳ ಸಂಸ್ಥಾನದ ಹಲಗಲಿಯ ಬೇಡರು ಮಣಿಯಲಿಲ್ಲ. 1857ರ ನವೆಂಬರ್ ಕೊನೆಯಲ್ಲಿ ಊರಿಗೆ ಬೆಂಕಿ ಬಿತ್ತು. ಬಳಿಕ ಮುಧೋಳದಲ್ಲೂ ಹಲಗಲಿಯಲ್ಲೂ 19 ಮಂದಿಯನ್ನು ಗಲ್ಲಿಗೇರಿಸಿದರು. ಮರುವರ್ಷ ಬೇಸಿಗೆಯಲ್ಲಿ ಮುಂಡರಗಿ ಭೀಮರಾಯ ಹಂಪಿಗೆ ಕೂಗಳತೆಯ ಕೊಪ್ಪಳದ ಕೋಟೆ ಹಿಡಿದು ಅಲ್ಲೇ ಮಡಿದ. ಇಬ್ಬರ ಹತ್ತಿರವೂ ಇದ್ದದ್ದು ಸಡಿಲ ಗುಂಡಿನ ಹಳೆಯ ಕೋವಿಗಳು.

ದಂಗೆ ಅಡಗಿದ ಮೇಲೆ ಸರಕಾರ ಮಾಡಿದ ಒಂದು ಕೆಲಸ ಕೋವಿಯ ಚರಿತ್ರೆ ಓದುವವರನ್ನು ನಗಿಸುತ್ತದೆ, ಸಿಟ್ಟಿಗೂ ಎಬ್ಬಿಸುತ್ತದೆ. ದೇಶಿ ಸಿಪಾಯಿಗಳಿಗೆ ಕೊಡುವ ಎನ್‌ಫೀಲ್ಡ್‌ಗಳ ತಿರುಪು ಗೆರೆಗಳನ್ನು ಕೊರೆದು ತೆಗೆದು, ನಳಿಗೆಯನ್ನು ನುಣ್ಣಗೆ ಮಾಡಿಸಿದರು. ನೋಡಲು ರೈಫಲ್ಲು, ಒಳಗೆ ಸಡಿಲ ಕೊಳವೆ. ಯಾರ ಕೈಗೆ ಗುರಿ ಸಿಗಬೇಕು, ಯಾರಿಗೆ ಸಿಗಬಾರದು ಎನ್ನುವುದನ್ನು ಅಳತೆಗೋಲಿನಲ್ಲಿ ತೀರ್ಮಾನಿಸಿದ್ದು ಅದೊಂದೇ ಸಲವಲ್ಲ. ಬ್ರಿಟಿಷ್ ದಳಗಳಿಗೆ ಹೊಸ ಮಾರ್ಟಿನಿ ಹೆನ್ರಿ ರೈಫಲ್ಲು ಬಂದ ಮೇಲೂ ದೇಶಿ ದಳಗಳು ಹಳೆಯ ಸ್ನೈಡರ್ ರೈಫಲ್ಲುಗಳನ್ನೇ ಹೊತ್ತುಕೊಂಡಿದ್ದವು.

ಇಕ್ಕಟ್ಟನ್ನು ಬಿಡಿಸಿದ್ದು ಹಿತ್ತಾಳೆಯ ತೋಟಾ. ಹಾರಿಸಿದಾಗ ಹಿತ್ತಾಳೆ ಹಿಗ್ಗಿ ಬುಡದ ಸಂದನ್ನು ತಾನೇ ಮುಚ್ಚುತ್ತದೆ, ಒತ್ತಡ ಇಳಿದ ಮೇಲೆ ಕುಗ್ಗಿ ಸಲೀಸಾಗಿ ಹೊರಬರುತ್ತದೆ. ಕುಡಿಕೆ ಫಿರಂಗಿ ಮುನ್ನೂರು ವರ್ಷ ಕಾದ ಉಪಾಯ ಇದು. 1871ರ ಮಾರ್ಟಿನಿ ಹೆನ್ರಿ ಒಂದು ಸಲಕ್ಕೆ ಒಂದೇ ಗುಂಡಿನ, ಬುಡದಿಂದ ತುಂಬುವ ರೈಫಲ್ಲು. 11.43 ಮಿಲಿಮೀಟರ್ ನಳಿಗೆ, ಹನ್ನೆರಡು ಪಾಲು ಸೀಸಕ್ಕೆ ಒಂದು ಪಾಲು ತವರ ಬೆರೆಸಿದ 31 ಗ್ರಾಂ ಗುಂಡು, ಐದೂವರೆ ಗ್ರಾಂ ಕರಿಮದ್ದು. ಸೇನೆಗೆ ಇಷ್ಟೇ ಸಾಕಾಯಿತು.

ಗುರಿಕಾರರಿಗೆ ಸಾಕಾಗಲಿಲ್ಲ. ತೋಟಾದ ಬಾಯಲ್ಲಿ ಕೂತ ಸೀಸದ ಗುಂಡು ಹಾರಿಸಿದಾಗ ಮುಂದಕ್ಕೆ ನೆಗೆದು ತಿರುಪು ಗೆರೆಗಳಿಗೆ ಬಡಿಯುತ್ತದೆ. ಆ ನೆಗೆತದಲ್ಲಿ ಕೂದಲೆಳೆಯಷ್ಟು ಓರೆಯಾದರೂ, ಮೆತ್ತಗಿನ ಸೀಸ ಓರೆಯಾಗಿಯೇ ಕೆತ್ತಿಸಿಕೊಂಡು ಹೊರಬರುತ್ತದೆ. ಅಮೆರಿಕದಲ್ಲಿ ಜರ್ಮನ್ ವಲಸಿಗರ ಗುರಿಕೂಟಗಳು 200 ಗಜ, ಅಂದರೆ 183 ಮೀಟರ್ ದೂರಕ್ಕೆ ನಿಂತು ಹಾರಿಸುವ ಪಂದ್ಯ ನಡೆಸುತ್ತಿದ್ದವು. ಅಲ್ಲಿ ಬಲಾರ್ಡ್, ಸ್ಟೀವನ್ಸ್, 1885ರ ವಿಂಚೆಸ್ಟರ್‌ಗಳಂಥ ಒಂಟಿ ಗುಂಡಿನ ರೈಫಲ್ಲುಗಳವರು ಕಂಡುಕೊಂಡ ದಾರಿ, ಸೇನೆ ಒಟ್ಟುಗೂಡಿಸಿದ್ದನ್ನು ಮತ್ತೆ ಬಿಡಿಸುವುದು. ಗುಂಡನ್ನು ತೋಟಾದಿಂದ ಬೇರೆ ಮಾಡಿದರು. ಮೊದಲು ಬರಿ ಗುಂಡನ್ನು ಬುಡದ ತೆರಪಿಗೆ ಇಟ್ಟು, ಸನ್ನೆಯಂಥ ಸಾಧನದಿಂದ ನಿಧಾನವಾಗಿ, ಒಂದೇ ಸಮ ಒತ್ತಿ, ತಿರುಪು ಗೆರೆಗಳೊಳಗೆ ಕೂರಿಸುತ್ತಾರೆ. ಕೈಗೆ ತಾಗುವ ಪ್ರತಿರೋಧದಿಂದಲೇ ಗುಂಡು ನೆಟ್ಟಗೆ ಕೂತಿತೋ ಇಲ್ಲವೋ ತಿಳಿಯುತ್ತದೆ. ಆಮೇಲೆ ಅದರ ಹಿಂದೆ ಮದ್ದು ತುಂಬಿ ರಟ್ಟಿನ ಬಿಲ್ಲೆ ಮುಚ್ಚಿದ ತೋಟಾ. ಹಾರಿಸುವ ಮೊದಲೇ ಗುಂಡು ನಳಿಗೆಯ ಗುರುತನ್ನು ಮೈಮೇಲೆ ಕೆತ್ತಿಸಿಕೊಂಡಿರುತ್ತದೆ, ನೆಗೆಯುವ ಮಾತೇ ಇಲ್ಲ. ಇಪ್ಪತ್ತಕ್ಕೋ ಮೂವತ್ತಕ್ಕೋ ಒಂದು ಪಾಲು ತವರ ಬೆರೆಸಿ, ಅಚ್ಚಿನ ಬಿಸಿ ಒಂದೇ ಹದದಲ್ಲಿರುವಂತೆ ನೋಡಿಕೊಂಡು, ಎರೆದ ಗುಂಡುಗಳನ್ನು ತೂಗಿ ಬೇರ್ಪಡಿಸುವವರು ಈಗಲೂ ಇದ್ದಾರೆ.

ಅವರಲ್ಲೂ ಜಗಳವಿತ್ತು, ಹಳೆಯ ಜಗಳವೇ. ಆ ಕಾಲದ ಹೆಸರಾಂತ ನಳಿಗೆಕಾರ ಹ್ಯಾರಿ ಪೋಪ್ ಗುಂಡನ್ನು ಬಾಯಿಂದ ಇಳಿಸಿ, ತೋಟಾವನ್ನು ಬುಡದಿಂದ ಹಾಕುವ ಪದ್ಧತಿ ಹಿಡಿದ. ಬಾಯಿಂದ ಇಳಿಸಿದರೆ ಗೆರೆ ಕೊರೆದಾಗ ಏಳುವ ಸೀಸದ ಎಳೆ ಗುಂಡಿನ ಮೂತಿಯ ಕಡೆ ಹೋಗುತ್ತದೆ, ಬುಡ ಚೊಕ್ಕಟವಾಗಿ ಉಳಿಯುತ್ತದೆ. ಬುಡದಿಂದ ಒತ್ತಿದರೆ ಎಳೆ ಹಿಂದಕ್ಕೆ ಎದ್ದು ಬುಡದ ಅಂಚನ್ನು ಕೆಡಿಸಬಹುದು. ಮೂತಿ ಕೆಟ್ಟರೆ ಅಷ್ಟೇನೂ ಇಲ್ಲ, ಬುಡ ಕೆಟ್ಟರೆ ಗುರಿ ಕೆಟ್ಟಿತು ಎಂದು ವೈದ್ಯ ಫ್ರಾಂಕ್ಲಿನ್ ಮಾನ್ ಬೇಕೆಂದೇ ಗುಂಡುಗಳನ್ನು ವಿರೂಪಗೊಳಿಸಿ ಹಾರಿಸಿ ತೋರಿಸಿದ, 1909ರಲ್ಲಿ ಅದನ್ನೆಲ್ಲ ಪುಸ್ತಕ ಮಾಡಿದ. ಪೋಪ್‌ನ ನಳಿಗೆಯಿಂದ ಕೊಲೊರಾಡೊದ ಸಿ. ಡಬ್ಲ್ಯು. ರೋಲಂಡ್ 1901ರಲ್ಲಿ 200 ಗಜಕ್ಕೆ ಹಾರಿಸಿದ ಹತ್ತು ಗುಂಡುಗಳ ನಡುಗಳು 18.4 ಮಿಲಿಮೀಟರ್ ಒಳಗೆ ಬಿದ್ದವು. ನಮ್ಮ ಹಳೆಯ ನಾಲ್ಕಾಣೆ ಬಿಲ್ಲೆಗಿಂತ ಕಡಿಮೆ ಜಾಗ. ಪೋಪ್‌ನ ಸ್ಯಾನ್ ಫ್ರಾನ್ಸಿಸ್ಕೊ ಕಮ್ಮಟವನ್ನು 1906ರ ಭೂಕಂಪ ನುಂಗಿತು, ಅವನು ಮತ್ತೆ ಬೇರೆಡೆ ಶುರು ಮಾಡಿದ. ಬಾಯಿಂದ ತುಂಬುವ ಅವನ ಪದ್ಧತಿ ಬಲು ನಿಧಾನದ್ದು, ಈಗ ಆ ಕೂಟಗಳಲ್ಲಿ ಬುಡದಿಂದ ಒತ್ತುವವರೇ ಹೆಚ್ಚು.

ಕರ್ನಾಟಕದಲ್ಲಿ ಸೀಸ ಎರೆದು ಗುರಿ ಪಂದ್ಯಕ್ಕೆ ಹೋಗುವ ರೂಢಿ ಬೆಳೆಯಲಿಲ್ಲ. ಕೊಡಗಿನಲ್ಲಿ ಕೈಲ್ ಪೊಳ್ದ್ ಹಬ್ಬಕ್ಕೆ ತೆಂಗಿನಕಾಯಿಗೆ ಗುಂಡು ಹೊಡೆಯುವ ಪಂದ್ಯ ನಡೆಯುತ್ತದೆ, ಅದರ ಸೊಗಸೇ ಬೇರೆ. ಬುಡದಿಂದ ಸೀಸ ಕೂರಿಸುವ ಕೆಲಸವನ್ನು ಬಯಲುಸೀಮೆಯಲ್ಲಿ ನೋಡಬೇಕೆಂದರೆ ಜಾತ್ರೆಗೇ ಹೋಗಬೇಕು. ಹಂಪಿಯ ವಿರೂಪಾಕ್ಷನ ತೇರಿನ ದಿನ ಬೆಂಡು ಬತ್ತಾಸು, ಬಳೆಗಳ ಸಾಲಿನ ನಡುವೆ ಹಲಗೆಗೆ ಬಲೂನು ಸಿಕ್ಕಿಸಿದ ಏರ್‌ಗನ್ನಿನ ಅಂಗಡಿ ಇದ್ದೇ ಇರುತ್ತದೆ. ಅಂಗಡಿಯವನು ನಳಿಗೆಯನ್ನು ಮೊಣಕಾಲಿಗೆ ಒತ್ತಿ ಮಡಿಸುತ್ತಾನೆ, ಅದೇ ಒತ್ತಿಗೆ ಒಳಗಿನ ಸ್ಪ್ರಿಂಗು ಬಿಗಿಯುತ್ತದೆ. ತೆರೆದ ಬುಡಕ್ಕೆ ಸೊಂಟ ಸಣ್ಣಗಿರುವ ಸೀಸದ ಚರೆಯನ್ನು ಹೆಬ್ಬೆರಳಿನಿಂದ ಒತ್ತಿ ಕೂರಿಸುತ್ತಾನೆ. ದಿನವಿಡೀ ಒತ್ತಿ ಒತ್ತಿ ಆ ಹೆಬ್ಬೆರಳು ಬೂದಿ ಬಣ್ಣಕ್ಕೆ ತಿರುಗಿರುತ್ತದೆ. ಚರೆ ಒಮ್ಮೊಮ್ಮೆ ಪೂರ್ತಿ ಒಳಗೆ ಇಳಿಯುತ್ತದೆ, ಒಮ್ಮೊಮ್ಮೆ ಅಂಚು ತುಸು ಮೇಲೆ ಉಳಿದು, ನಳಿಗೆ ಮುಚ್ಚಿದಾಗ ಓರೆಯಾಗಿ ಅಮುಕಿಕೊಳ್ಳುತ್ತದೆ. ಅಂಗಡಿಯವನು ಗುರಿ ಹಿಡಿಯುವ ಮೊನೆಯನ್ನು ಬೇಕೆಂದೇ ಸೊಟ್ಟ ಮಾಡಿದ್ದಾನೆಂದು ಬೈಯುವ ಹುಡುಗರು ಅವನ ಹೆಬ್ಬೆರಳನ್ನು ನೋಡುವುದಿಲ್ಲ.

ಪಂದ್ಯದ ರೈಫಲ್ಲು ಇದೇ ಕೆಲಸವನ್ನು ನಯವಾಗಿ ಮಾಡುತ್ತದೆ. ಒಲಿಂಪಿಕ್ಸಿನ 10 ಮೀಟರ್, 50 ಮೀಟರ್ ರೈಫಲ್ಲುಗಳು ಎರಡೂ ನಿಯಮದ ಪ್ರಕಾರ ಒಂದು ಸಲಕ್ಕೆ ಒಂದೇ ಗುಂಡಿನವು. 50 ಮೀಟರಿನ ಸಣ್ಣ ತೋಟಾದ ಸೀಸದ ಗುಂಡು ಬುಡ ಮುಚ್ಚುವಾಗಲೇ ತಿರುಪು ಗೆರೆಗಳಿಗೆ ಕಚ್ಚಿಕೊಳ್ಳುವಂತೆ ಕೋಣೆಯನ್ನು ಬಿಗಿಯಾಗಿ ಕೊರೆದಿರುತ್ತಾರೆ. ಅಮೆರಿಕದ ಎರಕದ ಗುಂಡಿನವರು ಸನ್ನೆಯಿಂದ ಮಾಡುವುದನ್ನು ಇಲ್ಲಿ ಬೋಲ್ಟೇ ಮಾಡುತ್ತದೆ. 10 ಮೀಟರಿನ ಗುರಿಯಲ್ಲಿ ಹತ್ತು ಅಂಕದ ಚುಕ್ಕೆಯ ಅಗಲ ಅರ್ಧ ಮಿಲಿಮೀಟರ್, ಅದಕ್ಕೆ ಹೊಡೆಯುವ ಚರೆಯದು ನಾಲ್ಕೂವರೆ ಮಿಲಿಮೀಟರ್. ಬೆಂಗಳೂರಿನ ತಿಲೋತ್ತಮಾ ಸೇನ್ 2023ರ ಏಷ್ಯನ್ ಚಾಂಪಿಯನ್‌ಷಿಪ್‌ನಲ್ಲಿ ಬೆಳ್ಳಿ ಗೆದ್ದದ್ದು ಈ ಚುಕ್ಕೆಯ ಮೇಲೆ. ಅದೇ ಊರಿನ ಪ್ರಕಾಶ್ ನಂಜಪ್ಪ 2014ರ ಗ್ಲಾಸ್ಗೊ ಕಾಮನ್‌ವೆಲ್ತ್ ಕ್ರೀಡಾಕೂಟದಲ್ಲಿ ಏರ್ ಪಿಸ್ತೂಲಿನ ಬೆಳ್ಳಿ ತಂದರು.

ಈ ಮಟ್ಟದವರು ಚರೆ ಕೊಳ್ಳುವುದು ತಲೆಯ ಅಳತೆ ನೋಡಿ: 4.49, 4.50, 4.51 ಮಿಲಿಮೀಟರ್ ಎಂದು ಡಬ್ಬಿಯ ಮೇಲೆ ಬರೆದಿರುತ್ತದೆ. ರೈಫಲ್ಲನ್ನು ಹಿಡಿಕೆಯಲ್ಲಿ ಬಿಗಿದು ಒಂದೊಂದು ಡಬ್ಬಿಯಿಂದ ಹತ್ತಿಪ್ಪತ್ತು ಹಾರಿಸಿ, ತಮ್ಮ ನಳಿಗೆಗೆ ಒಪ್ಪುವುದನ್ನು ಆರಿಸಿ, ಅದೇ ಕಟ್ಟಿನ ಡಬ್ಬಿಗಳನ್ನು ವರ್ಷಕ್ಕಾಗುವಷ್ಟು ಕೂಡಿಡುತ್ತಾರೆ. ಐದುನೂರು ವರ್ಷದ ಮೇಲೂ ತಕರಾರು ಸಂದಿನದೇ, ಅಳತೆ ಮಾತ್ರ ಬೆರಳಗಲದಿಂದ ಮಿಲಿಮೀಟರಿನ ನೂರನೆಯ ಒಂದು ಭಾಗಕ್ಕೆ ಇಳಿದಿದೆ. ಈಗ ಸೀಸಕ್ಕೇ ಸಂಚಕಾರ ಬಂದಿದೆ. ಮಣ್ಣು, ನೀರು, ಹಕ್ಕಿಗಳಿಗೆ ವಿಷವೆಂದು 2021ರಲ್ಲಿ ಐರೋಪ್ಯ ಒಕ್ಕೂಟದ ರಾಸಾಯನಿಕ ಸಂಸ್ಥೆ ಮದ್ದುಗುಂಡುಗಳಲ್ಲಿ ಸೀಸದ ಬಳಕೆಗೆ ಕಡಿವಾಣ ಹಾಕುವ ಪ್ರಸ್ತಾವ ತಂದಿತು. ಪಂದ್ಯದ ಚರೆಗಳಲ್ಲಿ ಬಹಳಷ್ಟು ಜರ್ಮನಿಯಿಂದ ಬರುವವು, ಹಾಗಾಗಿ ಅಲ್ಲಿನ ನಿಯಮದ ಬಿಸಿ ಇಲ್ಲಿನ ರೇಂಜುಗಳಿಗೂ ತಟ್ಟುತ್ತದೆ. ಬದಲಿಗೆ ಬಂದಿರುವ ತವರದ ಚರೆ ಸೀಸಕ್ಕಿಂತ ಗಟ್ಟಿ, ಹಗುರ. ಗೆರೆಗಳಿಗೆ ಅದು ಅಷ್ಟು ಸುಲಭವಾಗಿ ಒಗ್ಗಿಕೊಳ್ಳುವುದಿಲ್ಲ, ಹಾಗಾಗಿ ನಳಿಗೆಗೆ ಒಪ್ಪುವ ಡಬ್ಬಿಯನ್ನು ಮೊದಲಿನಿಂದ ಹುಡುಕಬೇಕು.